ಮೂರು ದೀಪಗಳ ಬೇಲಿ

ಕೆಂಪಾಪುರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಫೋನ್ ಬಂದರೆ ಎತ್ತಬೇಕು, ಬಂದವರನ್ನು ಕೂರಿಸಬೇಕು, ಒಳಗೆ ಡ್ರಿಲ್ಲಿನ ಸದ್ದು ಶುರುವಾದರೆ ಹೊರಗೆ ಕುಳಿತವರು ಎದ್ದು ಹೋಗದ ಹಾಗೆ ಏನಾದರೂ ಮಾತಾಡಿಸಬೇಕು. ಉಳಿದ ಹೊತ್ತು ನನ್ನದೇ. ಆ ಹೊತ್ತಿನಲ್ಲೇ ನಾನು ಮೊಬೈಲಿನಲ್ಲಿ ಆ ಕಥೆ ಓದಲು ಶುರು ಮಾಡಿದ್ದು.

ವಾರಕ್ಕೊಂದು ಅಧ್ಯಾಯದಂತೆ ಕನ್ನಡದಲ್ಲಿ ಬರುತ್ತಿದ್ದ ಮಾಯಾಲೋಕದ ಕಥೆ ಅದು. ಬರೆಯುವವರು ತಮ್ಮ ಹೆಸರು ಹಾಕುತ್ತಿರಲಿಲ್ಲ. ಬೆಟ್ಟದ ಮೇಲೊಂದು ಕೋಟೆ. ಅದಕ್ಕೆ ಗೋಡೆಯಿಲ್ಲ. ಗೋಡೆಯ ಬದಲು ಒಂದಕ್ಕೊಂದು ಎರಡು ಕೂಗಳತೆ ದೂರದಲ್ಲಿ ಮೂರು ಗೋಪುರಗಳು. ಒಂದೊಂದರಲ್ಲೂ ಒಬ್ಬರು ಕಾವಲಿನವರು, ಅವರ ಮಗ್ಗುಲ ಗೂಡಿನಲ್ಲಿ ಒಂದು ದೀಪ. ಮೊದಲನೆಯ ಅಧ್ಯಾಯದಲ್ಲೇ ನಿಯಮ ಹೇಳಿದ್ದರು: ದೀಪ ದೀಪವನ್ನು ಕಾಣುವ ತನಕ ಬೇಲಿ ನಿಲ್ಲುತ್ತದೆ. ಆ ಬೇಲಿ ಕಣ್ಣಿಗೆ ಬೀಳುವಂಥದ್ದಲ್ಲ. ಒಂದು ದೀಪದಿಂದ ಇನ್ನೊಂದು ದೀಪಕ್ಕೆ ಎಳೆದ ಗೆರೆ ಅಷ್ಟೇ. ಅದನ್ನು ದಾಟಲು ಹೋದ ಶತ್ರು ಸುಟ್ಟುಹೋಗುತ್ತಾನೆ. ಇನ್ನೂ ಒಂದು ನಿಯಮವಿತ್ತು. ಪಕ್ಕದ ಗೋಪುರದವರ ಕೇಡು ಬಯಸುವವರು ಹಚ್ಚಿದರೆ ಆ ದೀಪ ಹೊತ್ತುವುದಿಲ್ಲ.

ಸಂಜೆ ಮನೆಯಲ್ಲಿ ಇದನ್ನೇ ಅತ್ತೆಗೆ ಓದಿ ಹೇಳುತ್ತಿದ್ದೆ. ಅತ್ತೆಗೆ ಓದು ಬಾರದು. ಎಪ್ಪತ್ತು ದಾಟಿದ್ದಾರೆ. ಅವರ ರಾಗಿ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳು ನಿಂತಿವೆ. ಟೀವಿ ಧಾರಾವಾಹಿಯ ಅತ್ತೆಯರನ್ನು ಕಂಡರೆ ಅವರಿಗೆ ಆಗದು, "ಇಂಗೆಲ್ಲಾ ಯಾರಾದ್ರೂ ಮಾತಾಡ್ತಾರಾ?" ಎಂದು ಎದ್ದು ಹೋಗುತ್ತಾರೆ. ಆದರೆ ಕಣ್ಣಿಗೆ ಕಾಣದ ಬೇಲಿಯನ್ನು ಮಾತ್ರ ಒಂದು ಪ್ರಶ್ನೆಯೂ ಇಲ್ಲದೆ ಒಪ್ಪಿಕೊಂಡುಬಿಟ್ಟರು.

ಕಥೆಯ ಕೆಳಗೆ ಓದುಗರು ಕಾಮೆಂಟುಗಳಲ್ಲಿ ಜಗಳವಾಡುತ್ತಿದ್ದರು. ಹಾಗೆ ಜಗಳವಾಡುತ್ತಲೇ ನಮ್ಮಲ್ಲಿ ಹಲವರು ಬೆಂಗಳೂರಿನ ಉತ್ತರದ ಕಡೆಯವರೆಂದು ಗೊತ್ತಾಗಿ, ಭಾನುವಾರ ಬೆಳಿಗ್ಗೆ ಯಲಹಂಕದ ಒಂದು ಪಾರ್ಕಿನಲ್ಲಿ ಸೇರುವ ಅಭ್ಯಾಸವಾಯಿತು. ಮೊದಮೊದಲು ತುಂಬ ಜನ ಬಂದರು. ಆಮೇಲೆ ತಪ್ಪದೆ ಬರುವವರು ಮೂವರೇ ಉಳಿದೆವು. ನಾನು ಒಬ್ಬಳು. ವಾಯುಸೇನೆಯಲ್ಲಿ ವಿಮಾನಗಳ ರಿಪೇರಿ ಮಾಡಿ ನಿವೃತ್ತರಾದ ಒಬ್ಬ ಹಿರಿಯರು, ಅವರನ್ನು ನಾವು ಸರ್ ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬಳು ಬಾಗಲಗುಂಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಇಂಜಿನಿಯರಿಂಗ್ ಓದುವ ಹುಡುಗಿ. ಸರ್ ಎದುರಿಗೇ "ಏನ್ ಗುರು ಇದು" ಎನ್ನುವಷ್ಟು ಧೈರ್ಯದವಳು.

ನಮ್ಮ ದೊಡ್ಡ ಜಗಳ ಶುರುವಾದದ್ದು ಚಳಿಗಾಲದ ಒಂದು ಅಧ್ಯಾಯದಿಂದ. ಶತ್ರುಸೇನೆ ಬೆಟ್ಟದ ಬುಡಕ್ಕೆ ಬಂದಿತ್ತು. ಮೂರು ಗೋಪುರಗಳಲ್ಲಿ ಎಲ್ಲರಿಗಿಂತ ವಯಸ್ಸಾದ ಕಾವಲಿನವಳನ್ನು ಕಥೆಯಲ್ಲಿ ಹಿರಿಯಳು ಎನ್ನುತ್ತಿದ್ದರು. ಅಧ್ಯಾಯ ಹೀಗೆ ಮುಗಿಯಿತು: ಮಂಜು ಕಣಿವೆಯಿಂದ ಮೇಲೇರಿತು. ಹಿರಿಯಳು ಎದ್ದು ನಿಂತಳು. ಗೂಡು ಕತ್ತಲಾಯಿತು. ಬೇಲಿ ಬಿತ್ತು.

ಓದಿದವರೆಲ್ಲ ಸಿಡಿದುಬಿದ್ದರು. ಇಷ್ಟು ವರ್ಷ ಕಾದವಳು ದೀಪ ಆರಿಸಿ ಓಡಿಹೋದಳೇ? ಮುಂದಿನ ಅಧ್ಯಾಯ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಬರೆಯುವವರು ಸುದ್ದಿಯೇ ಇಲ್ಲದೆ ಸುಮ್ಮನಾದರು.

ಪಾರ್ಕಿನಲ್ಲಿ ಸರ್ ತೀರ್ಪು ಕೊಟ್ಟುಬಿಟ್ಟರು. "ಇದು ದ್ರೋಹ ಮೇಡಂ. ಡ್ಯೂಟಿ ಮೇಲಿರೋರು ಪೋಸ್ಟ್ ಬಿಟ್ಟು ಕದಲಬಾರ್ದು. ಕದಲಿದ್ರೆ ಅದಕ್ಕೆ ಬೇರೆ ಹೆಸರೇ ಇಲ್ಲ."

"ದ್ರೋಹ ಅಲ್ಲ ಸರ್, ತಂತ್ರ," ಎಂದೆ ನಾನು. "ಮಂಜು ಬಂದ್ರೆ ದೀಪ ದೀಪಕ್ಕೆ ಕಾಣಲ್ಲ. ಬೇಲಿ ಹೇಗಿದ್ರೂ ಬೀಳುತ್ತೆ. ಯಾವಾಗ ಬೀಳುತ್ತೆ ಅಂತ ಗೊತ್ತಿಲ್ಲದೆ ಕಾಯೋದಕ್ಕಿಂತ ತಾನೇ ಬೀಳಿಸಿದ್ರೆ ಒಳಗಿನವರು ಎಚ್ಚರ ಆಗ್ತಾರೆ. ಶತ್ರುನ ಕಿರಿದಾದ ಓಣಿಗಳ ಒಳಕ್ಕೆ ಎಳ್ಕೊಂಡು ಹೊಡೀಬಹುದು."

"ಮಂಜು ಒಂದೇ ಸಮ ಇರಲ್ಲ ಮೇಡಂ. ಬರುತ್ತೆ, ಸರಿಯುತ್ತೆ. ದೀಪ ಇಟ್ಕೊಂಡು ಕೂತಿದ್ರೆ ಬೇಲಿ ಹೋಗಿ ಬಂದು ಮಾಡ್ತಿತ್ತು. ಅಷ್ಟಾದ್ರೂ ಇರ್ತಿತ್ತಲ್ಲ?"

ಹುಡುಗಿಗೆ ಇಬ್ಬರ ಮಾತೂ ಹಿಡಿಸಲಿಲ್ಲ. "ತಂತ್ರನೂ ಇಲ್ಲ, ದ್ರೋಹನೂ ಇಲ್ಲ ಅಕ್ಕ. ಬರೆಯೋರಿಗೆ ಒಂದು ಶಾಕ್ ಬೇಕಿತ್ತು, ಕೊಟ್ರು. ಲಾಜಿಕ್ ಹುಡುಕ್ಬೇಡಿ."

ನಾನು ಹುಡುಕಿಯೇ ತೀರುತ್ತೇನೆ ಎಂದೆ. ಅಂದಿನಿಂದ ಕಥೆಯನ್ನು ಮೊದಲಿನಿಂದ ಮತ್ತೆ ಓದತೊಡಗಿದೆ. ಹಿರಿಯಳು ಎಲ್ಲೆಲ್ಲಿ ಬರುತ್ತಾಳೆ, ಯಾರ ಹತ್ತಿರ ಏನು ಮಾತಾಡಿದ್ದಾಳೆ, ಯಾವ ಯುದ್ಧದಲ್ಲಿ ಏನು ಸಲಹೆ ಕೊಟ್ಟಿದ್ದಾಳೆ ಎಂಬುದೆಲ್ಲ ಬಾಯಿಪಾಠವಾಯಿತು. ಪ್ರತಿ ಭಾನುವಾರ ಹೊಸ ಪುರಾವೆಯೊಂದಿಗೆ ಹೋಗುತ್ತಿದ್ದೆ. ಸರ್ ಅದನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದರು.

ನನ್ನ ಮೈದುನನಿಗೆ ಇದು ದೊಡ್ಡ ತಮಾಷೆ. "ಅತ್ತಿಗೆ, ಇಲ್ಲದೇ ಇರೋ ಕೋಟೆಗೆ ಇಷ್ಟೊಂದು ಜಗಳನಾ?" ಎಂದು ಊಟಕ್ಕೆ ಕೂತಾಗೆಲ್ಲ ಕೇಳುತ್ತಿದ್ದ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮನಸ್ಸಿನಲ್ಲಿ ಉತ್ತರವಿತ್ತು. ಈ ಮನೆಗೆ ಬಣ್ಣ ಬಳಿಸುವಾಗ ಯಾವ ಬಣ್ಣ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ನಾನು ಹೇಳುವುದು "ಕೂತ್ಕೊಳಿ, ಡಾಕ್ಟ್ರು ಕರೀತಾರೆ" ಎಂದಷ್ಟೇ. ಆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಮಾತ್ರ ನಾನು ಒಂದು ಮಾತು ಹೇಳಿದರೆ ಒಬ್ಬ ತಿಳಿದ ಮನುಷ್ಯ ಅದನ್ನು ವಾರವಿಡೀ ಯೋಚಿಸಿ, ಮುಂದಿನ ವಾರ ಅಲ್ಲಗಳೆಯುತ್ತಿದ್ದರು. ಹಾಗೆ ಅಲ್ಲಗಳೆಸಿಕೊಳ್ಳುವುದರಲ್ಲೂ ಒಂದು ಮರ್ಯಾದೆ ಇದೆ ಎಂದು ನನಗೆ ಗೊತ್ತಾದದ್ದು ಆಗ. ಸೋಲಬಾರದು ಎಂಬ ಹಟ ಅದರಿಂದಲೇ ಬೆಳೆಯಿತು.

ಅತ್ತೆಯ ಅಭಿಪ್ರಾಯ ಬೇರೆಯೇ ಇತ್ತು. ಅವರೆಕಾಯಿ ಸುಲಿಯುತ್ತ ಒಂದು ಸಂಜೆ ಹೇಳಿದರು, "ತಂತ್ರನೂ ಇಲ್ಲ, ಎಂಥದೂ ಇಲ್ಲ. ಮಂಜಲ್ಲಿ ಒಬ್ಬಳೇ ಕೂತಿದ್ಲು. ಬ್ಯಾಸರ ಆಗಿರ್ತದೆ. ಎದ್ದಳು."

"ಬೇಸರ ಆದ್ರೆ ಕೋಟೆ ಬಿಟ್ಟುಬಿಡ್ತಾರಾ ಅತ್ತೆ?"

"ನೀನು ನಿಂತು ನೋಡು ಒಂದ್ಸಲ. ಆಮ್ಯಾಕೆ ಮಾತಾಡು."

ಈ ಮಾತನ್ನು ಮುಂದಿನ ಭಾನುವಾರ ನಗುತ್ತ ಪಾರ್ಕಿನಲ್ಲಿ ಹೇಳಿದೆ. ಹುಡುಗಿ ನಗಲಿಲ್ಲ. "ಅಜ್ಜಿ ಹೇಳಿದ್ದು ಸರಿ ಅಕ್ಕ. ನಿಂತೇ ನೋಡೋಣ. ಈ ತಿಂಗಳು ಹೆಂಗೂ ಬೆಳಿಗ್ಗೆ ಮಂಜಿರುತ್ತೆ. ಯಾವುದಾದ್ರೂ ಕೆರೆ ಹತ್ರ ಮೂರು ಕಡೆ ದೀಪ ಇಟ್ಕೊಂಡು ನಿಂತ್ಕೊಳ್ಳೋಣ. ದೀಪಕ್ಕೆ ದೀಪ ಕಾಣುತ್ತೋ ಇಲ್ವೋ ಗೊತ್ತಾಗುತ್ತೆ."

ಸರ್ ಮುಖ ಅರಳಿತು. ತಕ್ಷಣ ಷರತ್ತುಗಳನ್ನು ಹಾಕತೊಡಗಿದರು. ಟಾರ್ಚ್ ಕೂಡದು, ಎಣ್ಣೆ ದೀಪವೇ ಆಗಬೇಕು. ಫೋನ್ ಯಾರ ಹತ್ತಿರವೂ ಇರಬಾರದು, ಕೋಟೆಯಲ್ಲಿ ಫೋನ್ ಎಲ್ಲಿತ್ತು? ಮತ್ತೆ ಯಾರೂ ತಮ್ಮ ಜಾಗ ಬಿಟ್ಟು ಕದಲಬಾರದು.

ಶತ್ರು ಯಾರು ಎಂಬ ಪ್ರಶ್ನೆ ಬಂತು. ಮನೆಗೆ ಬಂದು ಹೇಳಿದಾಗ ಅತ್ತೆಯೇ ಮುಂದೆ ಬಂದರು. "ನಾನಾಯ್ತೀನಿ ಶತ್ರು. ಬೆಳಿಗ್ಗೆ ಒತ್ತು ನಂಗೆ ಎಂಗೂ ನಿದ್ದೆ ಇಲ್ಲ."

ಯಲಹಂಕಕ್ಕೂ ಕೆಂಪಾಪುರಕ್ಕೂ ನಡುವಿನ ಒಂದು ಕೆರೆಯನ್ನು ಗೊತ್ತುಮಾಡಿಕೊಂಡೆವು. ಮಂಜು ಮಾತ್ರ ನಮ್ಮ ಮಾತು ಕೇಳಲಿಲ್ಲ. ಎರಡು ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಕೊನೆಗೊಂದು ಬೆಳಿಗ್ಗೆ ಬಾಗಿಲು ತೆರೆದರೆ ಎದುರುಮನೆಯೇ ಇಲ್ಲ. ಏರ್‌ಪೋರ್ಟ್ ರಸ್ತೆಯ ಗಾಡಿಗಳು ಹೆಡ್‌ಲೈಟ್ ಹಾಕಿಕೊಂಡು ತೆವಳುತ್ತಿದ್ದವು. ಫೋನಿನಲ್ಲಿ ಹುಡುಗಿಯ ಮೆಸೇಜು ಬಂದಿತ್ತು: "ಅಕ್ಕಾ, ಇವತ್ತೇ!"

ಅತ್ತೆ ಸ್ವೆಟರಿನ ಮೇಲೆ ಶಾಲು ಹೊದ್ದು ಆಗಲೇ ಆಟೋಗೆ ಸಿದ್ಧರಾಗಿದ್ದರು. ಮೂರು ಹಣತೆ, ಎಳ್ಳೆಣ್ಣೆ, ಗಾಳಿಗೆ ಆರದಂತೆ ಹಣತೆ ಇಡಲು ಅಗಲ ಬಾಯಿಯ ಮೂರು ಗಾಜಿನ ಉಪ್ಪಿನಕಾಯಿ ಜಾಡಿ, ಇಷ್ಟನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಕೆರೆಯ ಗೇಟಿನ ಹತ್ತಿರ ಸರ್ ಮತ್ತು ಹುಡುಗಿ ಆಗಲೇ ಕಾಯುತ್ತಿದ್ದರು. ಅಲ್ಲಿನ ಕಾವಲಿನವನು ಚೀಲ ನೋಡಿ ತಡೆದ.

"ಏನ್ ಮೇಡಂ, ಶೂಟಿಂಗಾ? ಪರ್ಮಿಷನ್ ಇದ್ಯಾ?"

"ಶೂಟಿಂಗ್ ಅಲ್ಲಪ್ಪ. ಮಂಜಲ್ಲಿ ದೀಪ ಎಷ್ಟು ದೂರ ಕಾಣುತ್ತೆ ಅಂತ ನೋಡ್ಬೇಕು."

ಅವನು ನಮ್ಮ ನಾಲ್ವರನ್ನೂ ಒಮ್ಮೆ ನೋಡಿದ. ಅತ್ತೆ ಶಾಲು ಸರಿಮಾಡಿಕೊಂಡು "ಅರಕೆ ಅಂದ್ಕೊ ಮಗಾ," ಎಂದರು. ಹರಕೆ ಎಂದ ಮೇಲೆ ಅವನು ಇನ್ನೇನೂ ಕೇಳದೆ ಬಿಟ್ಟ.

ಏರಿಯ ಮೇಲೆ ಗೇಟಿಗೆ ಹತ್ತಿರದ ಕಲ್ಲಿನ ಬಳಿ ನಾನು ನಿಂತೆ. ಏರಿ ಮುಗಿದು ದಾರಿ ತಿರುಗುವ ಕಡೆ ಸರ್. ನೀರಿನ ಆಚೆಗೆ, ಗಣೇಶನನ್ನು ಬಿಡುವ ಕಲ್ಯಾಣಿಯ ಮೆಟ್ಟಿಲ ಮೇಲೆ ಹುಡುಗಿ. ಮೂವರ ಫೋನೂ ಅತ್ತೆಯ ಕೈಚೀಲದಲ್ಲಿ. ಅವರು ತಮಗೆ ತೋಚಿದಾಗ ನನ್ನ ಮತ್ತು ಹುಡುಗಿಯ ನಡುವಿನ ಕಾಲುದಾರಿಯಲ್ಲಿ ಒಳಗೆ ದಾಟಿ, ದಾಟುವಾಗ ವಿಶಲ್ ಊದಬೇಕು. ಆ ಗಳಿಗೆಯಲ್ಲಿ ನಮ್ಮಿಬ್ಬರ ದೀಪ ಪರಸ್ಪರ ಕಾಣುತ್ತಿದ್ದರೆ ಅತ್ತೆ ಸುಟ್ಟುಹೋದಂತೆ. ಕಾಣದಿದ್ದರೆ ಕೋಟೆ ಹೋದಂತೆ.

ದೀಪ ಹಚ್ಚಿ, ಜಾಡಿಯೊಳಗಿರಿಸಿ ಕಲ್ಲಿನ ಮೇಲಿಟ್ಟೆ. ಮೊದಲು ಎರಡು ದೀಪವೂ ಕಂಡವು. ಸರ್ ಕಡೆಯದು ಕೊಂಚ ದೊಡ್ಡದು, ಹುಡುಗಿಯದು ಅರಿಶಿನದ ಚುಕ್ಕೆಯ ಹಾಗೆ. ಆಮೇಲೆ ನೀರಿನ ಮೇಲಿನಿಂದ ಮಂಜು ದಪ್ಪನಾಗಿ ಎದ್ದು ಬಂತು. ಚುಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಸರ್ ಹೇಳಿದ್ದು ನಿಜ, ಮಂಜು ಒಂದೇ ಸಮ ಇರುವುದಿಲ್ಲ. ನನ್ನ ವಾದಕ್ಕೆ ಪೆಟ್ಟು ಬಿತ್ತಲ್ಲ ಎಂದು ಕಸಿವಿಸಿಯಾಯಿತು. ಇನ್ನೂ ದಪ್ಪಗೆ ಬರಲಿ ಎಂದುಕೊಂಡೆ. ಬಂತು. ಎರಡು ದೀಪವೂ ಹೋದವು. ನನ್ನ ದೀಪ, ನನ್ನ ಕೈ, ಕಾಲ ಕೆಳಗಿನ ಮಣ್ಣು ಬಿಟ್ಟರೆ ಲೋಕದಲ್ಲಿ ಏನೂ ಉಳಿದಿರಲಿಲ್ಲ.

ವಿಶಲ್ ಕೇಳಿಸಲಿಲ್ಲ. ಅತ್ತೆ ಹೊರಟಿದ್ದಂತೂ ನಿಜ, ಅವರ ಚಪ್ಪಲಿ ಸದ್ದು ನನ್ನ ಹಿಂದೆಯೇ ಹೋಗಿತ್ತು. ಆಮೇಲೆ ಏನೂ ಇಲ್ಲ. ನೀರಿನಲ್ಲಿ ಏನೋ ಪುಳಕ್ ಎಂದಿತು. ಮೀನಿರಬೇಕು, ಇಲ್ಲವೆ ನೀರುಕೋಳಿ ಎಂದುಕೊಂಡೆ. ಕಲ್ಯಾಣಿಯ ಮೆಟ್ಟಿಲುಗಳಲ್ಲಿ ಪಾಚಿ ಇರುವುದು ನೆನಪಾಯಿತು. ನಾನು ಕದಲಿದರೆ ಇಷ್ಟು ದಿನ ಕಾದು ಮಾಡಿದ ಪ್ರಯೋಗ ಕೆಡುತ್ತದೆ. ಸರ್ ಎದುರು ತಲೆ ಎತ್ತುವ ಹಾಗಿಲ್ಲ. ಪಟ್ಟುಹಿಡಿದು ನಿಂತೆ. "ಅತ್ತೇ" ಎಂದು ಕೂಗಿದೆ. ದನಿ ಹತ್ತಿಯೊಳಗೆ ಹೋದ ಹಾಗೆ ಹೋಯಿತು. ಇನ್ನೊಮ್ಮೆ ಕೂಗಿದೆ.

ಆಮೇಲೆ ಯೋಚಿಸಲಿಲ್ಲ. ಜಾಡಿಯನ್ನು ಎತ್ತಿಕೊಂಡೆ. ಅದರ ಬಾಯಿ ಸುಡುತ್ತಿತ್ತು, ನನ್ನ ಶಾಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕಾಲುದಾರಿಗೆ ಇಳಿದೆ.

ಅತ್ತೆ ಸಿಕ್ಕಿದ್ದು ಕಲ್ಯಾಣಿಗಿಂತ ಎಷ್ಟೋ ಈಚೆಗೆ, ನೀರಂಚಿನಲ್ಲಿ. ಕುಕ್ಕರಗಾಲಲ್ಲಿ ಕೂತು, ಮಡಿಲ ತುಂಬ ಸೊಪ್ಪು ಕಿತ್ತುಕೊಂಡಿದ್ದರು.

"ಅತ್ತೆ! ವಿಶಲ್ ಎಲ್ಲಿ?"

"ಅಯ್ಯೋ, ಮರ್ತೇ ಓದೆ ಕಣೇ. ಇಲ್ನೋಡು, ಒನಗೊನೆ ಎಂಗೆ ಬೆಳ್ದದೆ!"

ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಅವರ ಪಕ್ಕದಲ್ಲಿ ಕುಸಿದು ಕೂತೆ. ಅಷ್ಟರಲ್ಲಿ ಹಿಂದಿನಿಂದ ದಡದಡ ಹೆಜ್ಜೆ ಸದ್ದು. ಸರ್ ಏದುಸಿರು ಬಿಡುತ್ತ ಮಂಜಿನಿಂದ ಹೊರಬಂದರು.

"ಮೇಡಂ, ದೀಪ ಯಾಕೆ ಆರಿಸಿದ್ರಿ? ಮಂಜು ಸ್ವಲ್ಪ ಸರೀತು, ನೋಡಿದ್ರೆ ನಿಮ್ಮ ಜಾಗ ಕತ್ತಲು! ಏನಾಯ್ತೋ ಅಂತ ಗಾಬರಿ ಆಗೋಯ್ತು."

"ಆರಿಸಿಲ್ಲ ಸರ್. ಇಲ್ಲೇ ಇದೆ."

ಶಾಲು ಬಿಚ್ಚಿ ತೋರಿಸಿದೆ. ಜಾಡಿಯೊಳಗೆ ಹಣತೆ ನೆಟ್ಟಗೆ ಉರಿಯುತ್ತಿತ್ತು. ಸರ್ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾವಿಬ್ಬರೂ ಒಂದೇ ಹೊತ್ತಿಗೆ ಬಾಯಿ ತೆರೆದೆವು, ಆದರೆ ಮಾತು ಬಂದದ್ದು ಮೆಟ್ಟಿಲ ಕಡೆಯಿಂದ ಓಡಿಬಂದ ಹುಡುಗಿಯ ಬಾಯಿಂದ. ಅವಳು ಕೊನೆಯ ಮಾತನ್ನು ಕೇಳಿಸಿಕೊಂಡಿದ್ದಳು. ಅತ್ತೆಯ ಚೀಲದಿಂದ ತನ್ನ ಫೋನ್ ಕಿತ್ತುಕೊಂಡು ಆ ಅಧ್ಯಾಯ ತೆಗೆದಳು.

"ಅಕ್ಕಾ, ‘ಗೂಡು ಕತ್ತಲಾಯಿತು’ ಅಂತಿದೆ. ದೀಪ ಆರ್ತು ಅಂತ ಎಲ್ಲೂ ಇಲ್ಲ!"

ದೀಪ ಎತ್ತಿಕೊಂಡು ಹೋದರೂ ಗೂಡು ಕತ್ತಲಾಗುತ್ತದೆ. ಇಷ್ಟು ದಿನ ಸಾವಿರ ಸಲ ಓದಿದ್ದ ಸಾಲು. ಪಕ್ಕದ ಗೋಪುರದ ದೀಪ ಕಾಣದೆ ಹೋದಾಗಲೇ ಬೇಲಿ ಬಿದ್ದಾಗಿತ್ತು. ಬಿದ್ದ ಬೇಲಿಯ ಪಕ್ಕ ಕೂತು ಕಾಯುವುದೇನಿದೆ? ಆಚೆ ಇದ್ದವರಿಗೆ ಏನಾಯಿತೋ ನೋಡಲು ಹಿರಿಯಳು ಎದ್ದಳು, ದೀಪ ಕೈಗೆ ತೆಗೆದುಕೊಂಡು ಹೋದಳು. ದ್ರೋಹ ಎಂಬ ಸರ್ ವಾದ ಬಿತ್ತು. ಅದರ ಜೊತೆಗೇ ತಂತ್ರ ಎಂಬ ನನ್ನ ವಾದವೂ ಬಿತ್ತು. ನನಗೆ ಒಂದು ಚೂರೂ ಬೇಸರವಾಗಲಿಲ್ಲ.

"ಸರ್, ನೀವೂ ಪೋಸ್ಟ್ ಬಿಟ್ಟು ಬಂದ್ರಲ್ಲ?" ಎಂದು ಹುಡುಗಿ ಕಾಲೆಳೆದಳು.

ಸರ್ ಕನ್ನಡಕ ಒರೆಸಿಕೊಳ್ಳುತ್ತ, "ಯಾರೋ ಬಿದ್ರೇನೋ ಅನ್ಕೊಂಡೆ ಕಣಮ್ಮ," ಎಂದರು ಮೆಲ್ಲಗೆ.

ಆ ದಿನ ಮಧ್ಯಾಹ್ನ ಮಸ್ಸೊಪ್ಪಿನ ಸಾರಿನ ಊಟ ಮಾಡಿ, ಇಷ್ಟನ್ನೂ ಬಿಡಿಸಿ ಕಥೆಯ ಕೆಳಗೆ ಕಾಮೆಂಟು ಬರೆದೆ. ಕೆಲವರು ಹೌದಲ್ಲ ಎಂದರು. ಕೆಲವರು ಅತಿಯಾಯಿತು, ಬರೆದವರು ಅಷ್ಟೆಲ್ಲ ಯೋಚಿಸಿರುವುದಿಲ್ಲ ಎಂದರು. ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರ ಕೊಟ್ಟೆ.

ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ಬರೆಯುವವರು ಮರಳಿ ಬಂದರು. ಹೊಸ ಅಧ್ಯಾಯ ಬಂತೆಂದು ಗೊತ್ತಾದಾಗ ಕ್ಲಿನಿಕ್ಕಿನಲ್ಲಿ ಜನವಿತ್ತು. ಕೌಂಟರಿನ ಕೆಳಗೆ ಫೋನ್ ಇಟ್ಟುಕೊಂಡು ಓದಿದೆ. ಹಿರಿಯಳು ಶತ್ರುರಾಜನ ಗುಟ್ಟಿನ ಮಗಳಂತೆ. ಮೊದಲಿನಿಂದಲೂ ಈ ಕೋಟೆಯ ನಾಶಕ್ಕೆ ಕಾಯುತ್ತಿದ್ದಳಂತೆ. ನಗುತ್ತ ದೀಪ ಊದಿ ಆರಿಸಿದಳಂತೆ.

ನನ್ನ ಮುಖ ಹೇಗಾಗಿತ್ತೋ, ಎದುರಿಗಿದ್ದ ಹೆಂಗಸು "ನಿಮಗೂ ಹಲ್ಲುನೋವಾ?" ಎಂದು ಕೇಳಿದರು.

ಸಂಜೆ ಅತ್ತೆಗೆ ಓದಿ ಹೇಳಿದೆ. ಅವರು ಕೇಳಿ ಮುಗಿಸಿ, "ಸುಳ್ಳು," ಎಂದರು.

"ಬರೆದವರೇ ಹೇಳಿದಾರಲ್ಲ ಅತ್ತೆ."

"ಬರ್ದೋರಿಗೇನು ಗೊತ್ತು? ಅವ್ರೇನು ಮಂಜಲ್ಲಿ ನಿಂತಿದ್ರಾ?"

ಹುಡುಗಿ ಫೋನಿನಲ್ಲೇ ಕೂಗಾಡಿದಳು. ಪಕ್ಕದ ಗೋಪುರದವರ ಕೇಡು ಬಯಸುವವರ ದೀಪ ಹೊತ್ತುವುದೇ ಇಲ್ಲ ಎಂದು ಅವರೇ ಬರೆದಿದ್ದರಲ್ಲ? ಹಾಗಾದರೆ ಹಿರಿಯಳ ದೀಪ ಇಷ್ಟು ವರ್ಷ ಹೊತ್ತಿದ್ದು ಹೇಗೆ? "ರೂಲ್ ಮಾಡಿದವ್ರೇ ರೂಲ್ ಮುರಿದ್ರೆ ಏನ್ ಮಾಡೋದು ಅಕ್ಕ?"

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆ ಅಧ್ಯಾಯವನ್ನು ನಾನೇ ಬರೆಯಬೇಕು. ಕಾಲೇಜು ಬಿಟ್ಟ ಮೇಲೆ ನಾನು ಏನನ್ನೂ ಬರೆದವಳಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲೇ ಕುಟ್ಟತೊಡಗಿದೆ. ಮೊದಲ ಪುಟ ಬರೆಯುವಷ್ಟರಲ್ಲಿ ಹೆಬ್ಬೆರಳು ನೋಯಿತು, ಓದಿ ನೋಡಿದರೆ ಪಂಚಾಯಿತಿ ನೋಟೀಸಿನ ಹಾಗಿತ್ತು. ಅಳಿಸಿದೆ. ಮತ್ತೆ ಬರೆದೆ. ಗಂಡ ನೀರು ಕುಡಿಯಲು ಬಂದವರು "ಕ್ಲಿನಿಕ್ ಕೆಲ್ಸಾನಾ?" ಎಂದರು.

"ಅಲ್ಲ, ಕೋಟೆ ಕೆಲಸ," ಎಂದೆ.

ಅವರು ಕುಕ್ಕರಿನ ಉರಿ ತಾವೇ ಸಣ್ಣ ಮಾಡಿ ಹೋದರು.

ಬರೆದು ಮುಗಿಸಿದ ಭಾನುವಾರ ಅತ್ತೆಯನ್ನೂ ಕರೆದುಕೊಂಡು ಪಾರ್ಕಿಗೆ ಹೋದೆ. ಕಾಮೆಂಟು ನೋಡಿ ಹೊಸಬರೂ ನಾಲ್ಕಾರು ಮಂದಿ ಬಂದಿದ್ದರು. ಎದ್ದು ನಿಂತು ಓದಿದೆ. ನನ್ನ ಅಧ್ಯಾಯದಲ್ಲಿ ಹಿರಿಯಳು ದೀಪ ಹಿಡಿದು ಮಂಜಿನಲ್ಲಿ ಪಕ್ಕದ ಗೋಪುರಕ್ಕೆ ಹೋಗುತ್ತಾಳೆ. ಅಲ್ಲಿನ ಕಾವಲಿನವಳು ಜ್ವರದಲ್ಲಿ ಬಿದ್ದಿರುತ್ತಾಳೆ. ಹಿರಿಯಳು ಅವಳನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಶತ್ರುಗಳು ಬಂದುಬಿಡುತ್ತಾರೆ, ಇಬ್ಬರೂ ಅಲ್ಲೇ ಸಾಯುತ್ತಾರೆ.

ಚಪ್ಪಾಳೆ ಬಿತ್ತು. ಸರ್ ಮಾತ್ರ ಕೈಕಟ್ಟಿ ಕೂತಿದ್ದರು.

"ಒಂದು ತಪ್ಪಿದೆ ಮೇಡಂ."

"ಹೇಳಿ ಸರ್."

"ಮೂರನೇ ಗೋಪುರದವನು ಎಲ್ಲಿಗೆ ಹೋದ? ಅವನಿಗೆ ಎರಡು ಗೂಡೂ ಕತ್ತಲು ಕಂಡಿರುತ್ತೆ. ಅವನು ಏನ್ ಮಾಡ್ತಿದ್ದ?"

ಅವನನ್ನು ನಾನು ಮರೆತೇಬಿಟ್ಟಿದ್ದೆ. ಹೊಸಬರೊಬ್ಬರು ನಿದ್ದೆ ಹೋಗಿದ್ದ ಎಂದು ಬರೆದುಬಿಡಿ ಎಂದರು. ಇನ್ನೊಬ್ಬರು ಮೊದಲೇ ಸತ್ತಿದ್ದ ಎನ್ನಿ ಎಂದರು. ಎರಡೂ ಕಳ್ಳದಾರಿ ಎಂದು ಸರ್ ತಳ್ಳಿಹಾಕಿದರು. ನನಗೂ ಹಾಗೇ ಅನ್ನಿಸಿತು.

"ಅವ್ನೂ ಬಂದ," ಎಂದರು ಅತ್ತೆ.

ಎಲ್ಲರೂ ತಿರುಗಿ ನೋಡಿದೆವು. "ಇನ್ನೇನ್ಮಾಡ್ತಾನೆ? ಇಬ್ಬರು ಎಂಗಸ್ರು ಕಾಣ್ತಿಲ್ಲ ಅಂದ್ರೆ ಸುಮ್ಕೆ ಕೂತಿರ್ತಾನಾ? ಅವ್ನೂ ದೀಪ ತಗಂಡು ಬಂದ."

ಅಂದರೆ ಮೂವರೂ ಗೋಪುರ ಇಳಿದಿದ್ದಾರೆ. ಮೂವರ ಕೈಯಲ್ಲೂ ದೀಪವಿದೆ. ಮಂಜಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಕೋಟೆಯ ಒಳಗೇ ಎಲ್ಲೋ ಸೇರಿದ್ದಾರೆ. ನನಗೆ ಮೊದಲ ಅಧ್ಯಾಯದ ಸಾಲು ನೆನಪಾಗಿ, ಕೂತವಳು ಎದ್ದುಬಿಟ್ಟೆ.

"ಸರ್, ನಿಯಮ ಏನು? ‘ದೀಪ ದೀಪವನ್ನು ಕಾಣುವ ತನಕ’ ಅಲ್ವಾ? ಗೋಪುರದಲ್ಲೇ ಇರ್ಬೇಕು ಅಂತ ಎಲ್ಲಿದೆ?"

ಹುಡುಗಿ ಆಗಲೇ ಫೋನಿನಲ್ಲಿ ಆ ಸಾಲು ತೆಗೆದು ಎಲ್ಲರಿಗೂ ತೋರಿಸುತ್ತಿದ್ದಳು. ಗೋಪುರದ ಮಾತೇ ಆ ಸಾಲಿನಲ್ಲಿ ಇರಲಿಲ್ಲ.

"ಮೂವರೂ ಹತ್ರ ಬಂದ್ರೆ ಬೇಲಿನೂ ಹತ್ರ ಬರುತ್ತೆ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕೋಟೆ ಸುತ್ತ ನಿಲ್ಲಲ್ಲ, ಸಣ್ಣದಾಗುತ್ತೆ. ಆದ್ರೆ ನಿಲ್ಲುತ್ತೆ. ಊರಿನವರನ್ನೆಲ್ಲ ಅಂಗಳಕ್ಕೆ ಕರೆದು, ಸುತ್ತ ಮೂರು ಮೂಲೇಲಿ ಇವರು ದೀಪ ಹಿಡಿದು ನಿಂತ್ರೆ ಯಾವ ಶತ್ರುನೂ ಒಳಗೆ ಬರಕ್ಕಾಗಲ್ಲ. ಅಷ್ಟು ಹತ್ರದಲ್ಲಿ ಮಂಜೂ ಅಡ್ಡ ಆಗಲ್ಲ."

"ಕೋಟೆ?" ಎಂದರು ಸರ್.

"ಕೋಟೆ ಹೋಗುತ್ತೆ ಸರ್. ಜನ ಉಳೀತಾರೆ."

ಸರ್ ಹುಡುಗಿಯ ಫೋನ್ ಇಸಿದುಕೊಂಡು ಆ ಸಾಲನ್ನು ತಾವೇ ಓದಿದರು. ಎಲ್ಲಿ ತೂತಿದೆ ಎಂದು ಹುಡುಕುತ್ತಿದ್ದಾರೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ, "ಬರೀರಿ. ಹೀಗೇ ಬರೀರಿ," ಎಂದರು.

ಬರೆದೆ. ಇಬ್ಬರು ಸಾಯುವ ಭಾಗವನ್ನು ಪೂರ್ತಿ ತೆಗೆದುಹಾಕಿದೆ. ಅದನ್ನು ಬರೆಯುವಾಗ ನನಗೇ ಕಣ್ಣೀರು ಬಂದಿತ್ತು, ಆದರೂ ತೆಗೆದೆ. ಅಂಗಳದಲ್ಲಿ ಊರಿನವರು ಒತ್ತಾಗಿ ಕೂತು ಬೆಳಗಾಗುವುದನ್ನು ಕಾಯುವ ಭಾಗಕ್ಕೆ ಅತ್ತೆಯಿಂದ ಅನೇಕ ಸಲಹೆಗಳು ಬಂದವು: ಯಾರೋ ಒಬ್ಬಳು ಕೋಳಿ ಎತ್ತಿಕೊಂಡೇ ಬಂದಿರಬೇಕು, ಮಗು ಒಂದು ಸಲ ಅಳಬೇಕು. ಎಲ್ಲವನ್ನೂ ಸೇರಿಸಿದೆ.

ಕಥೆಯ ಕೆಳಗೆ ಅದನ್ನು ಹಾಕಿದಾಗ ಬರೆಯುವವರಿಂದ ಒಂದು ಮಾತೂ ಬರಲಿಲ್ಲ. ಅವರ ಕಥೆ ತನ್ನ ದಾರಿಯಲ್ಲಿ ಮುಂದುವರಿಯಿತು. ಅಲ್ಲಿ ಹಿರಿಯಳು ಈಗ ಶತ್ರುರಾಜನ ಸಿಂಹಾಸನದ ಪಕ್ಕ ನಿಂತು ಅಟ್ಟಹಾಸ ಮಾಡುತ್ತಾಳೆ. ನಾವು ಅದನ್ನೂ ಓದುತ್ತೇವೆ, ಜಗಳವಾಡಲು ಏನಾದರೂ ಬೇಕಲ್ಲ. ಆದರೆ ನನ್ನ ಅಧ್ಯಾಯದ ಕೆಳಗೂ ಒಂದು ಸಣ್ಣ ಗುಂಪು ಕೂಡಿಕೊಂಡಿದೆ. ಅವರು ಯಾರು, ಯಾವ ಊರಿನವರು ಎಂದು ನನಗೆ ತಿಳಿಯದು. ನನ್ನ ಕೋಟೆಯ ಮೇಲೆ ಅವರ ಕಣ್ಣು ಬಹಳ ಚುರುಕು.

ಮೊನ್ನೆ ಕ್ಲಿನಿಕ್ಕಿನ ಬಾಗಿಲು ತೆಗೆದು ಕೂರುವಾಗಲೇ ಒಬ್ಬರ ಪ್ರಶ್ನೆ ಬಂದಿತ್ತು. ಅಂಗಳದ ತುಂಬ ಜನ ನಿಂತಿದ್ದರೆ ದೀಪಕ್ಕೂ ದೀಪಕ್ಕೂ ನಡುವೆ ಮೈಗಳು ಅಡ್ಡ ಬರುವುದಿಲ್ಲವೇ? ಆಗ ಬೇಲಿ ಹೇಗೆ ನಿಲ್ಲುತ್ತದೆ? ಒಳ್ಳೆಯ ಪ್ರಶ್ನೆ. ಎದುರಿಗೆ ಕೆನ್ನೆ ಊದಿಸಿಕೊಂಡು ಒಬ್ಬರು ಬಂದು ನಿಂತಿದ್ದರು. ಅವರನ್ನು ಕೂರಿಸಿ, ಡಾಕ್ಟರು ಕೈತೊಳೆದು ಬರುವಷ್ಟರಲ್ಲಿ ಬೇಗಬೇಗ ಕುಟ್ಟಿದೆ: ಜನ ನಿಂತಿಲ್ಲ, ಕೂತಿದ್ದಾರೆ. ಎರಡನೆಯ ಪುಟ ಇನ್ನೊಂದು ಸಲ ಓದಿ.